ಕಾರವಾನ್ ಆಮೇಲೆ ಬರ್ಲಿ, ಮೊದ್ಲು ಗುಂಡಿ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ವಾಚಕರ ವಾಣಿಗೆ ನಾನು ಸಾಮಾನ್ಯ ಬರೆಯುದು ರೋಡಿನ ಗುಂಡಿ ಬಗ್ಗೆ, ಇಲ್ಲಾಂದ್ರೆ ಕಾಸರಗೋಡಿನ ಬೋರ್ಡುಗಳಲ್ಲಿ ಕನ್ನಡ ಮಾಯ ಆದದ್ದರ ಬಗ್ಗೆ. ಈ ಸಲವೂ ಗುಂಡಿ ಬಗ್ಗೆಯೇ, ಆದ್ರೆ ಇದು ಬೇರೆ ಗುಂಡಿ, ಕಾರವಾನ್ ಗಾಡಿಗಳ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಗುಂಡಿ. ಸ್ವಲ್ಪ ಉದ್ದ ಆಗ್ತದೆ, ಜಾಗ ಇಲ್ಲದಿದ್ರೆ ಎಲ್ಲಿ ಬೇಕಾದ್ರೂ ಕತ್ತರಿ ಹಾಕಿ, ಗಲೀಜಿನ ಟ್ಯಾಂಕಿನ ಭಾಗಕ್ಕೆ ಮಾತ್ರ ಕೈ ಹಾಕ್ಬೇಡಿ, ನಾನು ಬರೀಲಿಕ್ಕೆ ಕೂತದ್ದೇ ಅದಕ್ಕೆ.

ಈಗ ಮೊಬೈಲ್ ತೆಗೆದ್ರೆ ಸಾಕು, ಯಾರೋ ಒಬ್ಬ ವ್ಯಾನಿನ ಹಿಂದಿನ ಬಾಗಿಲು ತೆಗೆದಿಟ್ಟು ಕಾಲು ಚಾಚಿ ಕಾಫಿ ಕುಡೀತಾ ಬೆಟ್ಟ ನೋಡ್ತಿರ್ತಾನೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಿ, ಎಲ್ಲಿ ಬೇಕೋ ಅಲ್ಲಿ ಮಲಗಿ, ಮನೆಯೇ ನಿಮ್ಮ ಜೊತೆ ಬರ್ತದೆ ಅಂತ ಹಿಂದಿಂದ ಒಂದು ಸಂಗೀತ. ಇದನ್ನೆಲ್ಲ ನೋಡಿ ನೋಡಿ ನನ್ನ ತಂಗಿ ಮಗ ಒಂದು ಹಳೇ ಟ್ರಾವೆಲರ್ ವ್ಯಾನ್ ತಗೊಂಡಿದ್ದಾನೆ, ಅವನ ದೋಸ್ತಿ ಒಬ್ಬನಿಗೆ ಉಪ್ಪಳದಲ್ಲಿ ವೆಲ್ಡಿಂಗ್ ಶಾಪ್, ಇಬ್ರೂ ಸೇರಿ ಸೀಟೆಲ್ಲ ಕಿತ್ತು ಒಳಗೆ ಮಂಚ, ಗ್ಯಾಸ್ ಸ್ಟವ್, ಒಂದು ಸಣ್ಣ ಟಾಯ್ಲೆಟ್ ಕೂರಿಸಿದ್ದಾರೆ. ನಾಗರಹೊಳೆ, ಬಂಡೀಪುರ, ಮುದುಮಲೆ, ಇರವಿಕುಳಂ, ಸೈಲೆಂಟ್ ವ್ಯಾಲಿ ಎಲ್ಲ ಒಂದೇ ಸುತ್ತಿಗೆ ಮುಗಿಸಿ ಬರ್ಬೇಕಂತೆ. ಪ್ಲಾನ್ ಮಾಡ್ಲಿಕ್ಕೆ ನನ್ನ ಹತ್ರ ಬಂದ. ಯಾಕೆ ಅಂದ್ರೆ ಊರಲ್ಲಿ ಆರ್‌ವಿ ಗಾಡಿಲಿ, ಅಂದ್ರೆ ಮಂಚ, ಅಡಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಕಾರವಾನಲ್ಲಿ, ನಿಜವಾಗಿ ತಿರುಗಿದವ ನಾನೊಬ್ಬನೇ, ಅದೂ ಅಮೆರಿಕದಲ್ಲಿ.

ನಗಾಡ್ಬೇಡಿ. ನಾನು ಮೂವತ್ತೊಂದು ವರ್ಷ ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿ ದುಡಿದವ. ಮಗ ಕಲಿತು ಸಾಲ್ಟ್ ಲೇಕ್ ಸಿಟಿಲಿ ಕೆಲಸಕ್ಕೆ ಸೇರಿದ, 2025ರಲ್ಲಿ ನಮ್ಮಿಬ್ಬರನ್ನೂ ಕರ್ಸಿಕೊಂಡ. ಬರುವ ಮೊದಲೇ ಫೋನಲ್ಲಿ ಹೇಳಿದ್ದ, ಅಪ್ಪ, ಸೆಪ್ಟೆಂಬರಲ್ಲಿ ಒಂದು ಆರ್‌ವಿ ಬಾಡಿಗೆಗೆ ತಗೊಂಡು ನ್ಯಾಷನಲ್ ಪಾರ್ಕುಗಳಿಗೆಲ್ಲ ಹೋಗುವ, ಹದಿನಾರು ದಿನ, ಪ್ಲಾನ್ ನೀನೇ ಮಾಡು, ನಿಂಗೆ ರಿಟೈರ್ ಆದ್ಮೇಲೆ ಕೆಲಸ ಇಲ್ಲ ಅಂತ ಅಮ್ಮ ಹೇಳ್ತಿದ್ಳು. ಸರಿ, ಆರು ತಿಂಗಳ ಮೊದಲೇ ಇಲ್ಲಿ ಪೆರ್ಲದಲ್ಲಿ ಕೂತು ನಾನು ಅಮೆರಿಕದ ವೇ ಬಿಲ್, ಅಂದ್ರೆ ಕಂಡಕ್ಟರ್ ಬರೆಯುವ ಟ್ರಿಪ್ಪಿನ ಲೆಕ್ಕದ ಹಾಳೆ, ಬರೀಲಿಕ್ಕೆ ಶುರು ಮಾಡಿದೆ.

ಮೊದಲು ಕಲಿತದ್ದು ಎಂತ ಗೊತ್ತುಂಟಾ? ಆ ರೀಲ್ಸಲ್ಲಿ ಹೇಳುದೆಲ್ಲ ಸುಳ್ಳು. ಎಲ್ಲಿ ಬೇಕೋ ಅಲ್ಲಿ ನಿಲ್ಲುವ ಹಾಗೆ ಆ ದೇಶದಲ್ಲೂ ಇಲ್ಲ. ಪಾರ್ಕಿನ ಒಳಗೆ ರಾತ್ರಿ ಮಲಗ್ಬೇಕಾದ್ರೆ ಕ್ಯಾಂಪ್‌ಗ್ರೌಂಡಲ್ಲೇ ಮಲಗ್ಬೇಕು, ಅದಕ್ಕೆ ನಂಬರ್ ಹಾಕಿದ ಸೈಟ್, ಸೈಟಿಗೆ ಉದ್ದದ ಲೆಕ್ಕ, ಉದ್ದ ಹೆಚ್ಚಾದ ಗಾಡಿಗೆ ಆ ಸೈಟ್ ಸಿಗುದಿಲ್ಲ. ಜಿಯಾನ್ ಪಾರ್ಕಿನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್ ಅಂತ ಉಂಟು, ಕರೆಂಟ್ ಪಾಯಿಂಟ್ ಇರುವ ಸೈಟ್ ಅಲ್ಲಿ ಸಿಗ್ತದೆ, ಅದರ ಬುಕ್ಕಿಂಗ್ ಸರಿಯಾಗಿ ಆರು ತಿಂಗಳ ಮೊದಲು ಅವರ ಪೂರ್ವ ಕರಾವಳಿಯ ಟೈಮ್ ಬೆಳಿಗ್ಗೆ ಹತ್ತಕ್ಕೆ ಓಪನ್ ಆಗುದು, ಅಂದ್ರೆ ಮಾರ್ಚಲ್ಲಿ ನಮಗೆ ಸಂಜೆ ಏಳೂವರೆ. ಮಗನಿಗೆ ಆಗ ಬೆಳಿಗ್ಗೆ ಎಂಟು, ಮೊಮ್ಮಗಳನ್ನು ಶಾಲೆಗೆ ಬಿಡುವ ಗಡಿಬಿಡಿ, ಹಾಗಾಗಿ ಲಾಗಿನ್ ನನ್ನ ಕೈಗೆ ಕೊಟ್ಟ. ಮೊದಲ ದಿನ ಏಳು ಇಪ್ಪತ್ತೆಂಟಕ್ಕೆ ಕರೆಂಟ್ ಹೋಯ್ತು, ವೈಫೈ ಹೋಯ್ತು, ಮೊಬೈಲ್ ಹಿಡ್ಕೊಂಡು ಅಂಗಳದ ತುಳಸಿಕಟ್ಟೆ ಹತ್ರ ಓಡಿದೆ, ಅಲ್ಲಿ ಮಾತ್ರ ಎರಡು ಕಡ್ಡಿ ರೇಂಜ್ ಬರುದು, ಪೇಜ್ ತಿರುಗಿ ತಿರುಗಿ ಓಪನ್ ಆಗುವಾಗ ಏಳು ಮೂವತ್ತೆರಡು, ಒಂದೂ ಸೈಟ್ ಇಲ್ಲ. ಎರಡು ನಿಮಿಷ ಮಾರಾಯ್ರೇ! ಜಾತ್ರೆಯ ರಾತ್ರಿ ಲಾಸ್ಟ್ ಬಸ್ಸಿನ ಸೀಟೂ ಅಷ್ಟು ಬೇಗ ತುಂಬುದಿಲ್ಲ. ಎರಡನೇ ದಿನ ಸೈಟ್ ಕಂಡಿತು, ಒತ್ತಿದೆ, ಯಾರೋ ತಗೊಂಡಾಗಿತ್ತು. ಮೂರನೇ ದಿನ ಊರ ದೇವಸ್ಥಾನದಲ್ಲಿ ಬಯಲಾಟ, ಚೆಂಡೆ ಸದ್ದು ಮನೆಗೆ ಕೇಳ್ತದೆ, ನಾನು ಮಾತ್ರ ತುಳಸಿಕಟ್ಟೆ ಬುಡದಲ್ಲಿ ಮೊಬೈಲ್ ಹಿಡ್ಕೊಂಡು. ಸಿಕ್ಕಿತು. ಎರಡು ರಾತ್ರಿಗೆ. ನಮ್ಮವಳು ಒಳಗಿಂದ ಕೇಳಿದ್ಳು, ಎಂತ ಲಾಟ್ರಿ ಹೊಡೀತಾ ಅಂತ.

ಗೂಗಲಲ್ಲಿ ಹಾಕಿದ್ರೆ ಇಷ್ಟು ಗಂಟೆ ಅಂತ ಬರ್ತದಲ್ಲ, ಅದು ಕಾರಿನ ಟೈಮ್. ಇಪ್ಪತ್ತೈದು ಅಡಿ ಗಾಡಿಗೆ ಅದರ ಮೇಲೆ ಇನ್ನೊಂದು ಕಾಲು ಪಾಲು ಸೇರಿಸ್ಬೇಕು, ಘಾಟಿ ಇದ್ರೆ ಇನ್ನೂ ಸ್ವಲ್ಪ, ಡೀಸೆಲೋ ಪೆಟ್ರೋಲೋ ಹಾಕ್ಲಿಕ್ಕೆ ನಿಂತದ್ದು, ನಮ್ಮವಳಿಗೆ ಚಾ ಬೇಕು ಅಂತ ನಿಂತದ್ದು, ಮೊಮ್ಮಗಳಿಗೆ ವಾಂತಿ ಬಂತು ಅಂತ ನಿಂತದ್ದು ಎಲ್ಲ ಬೇರೆ. ನಾನು ಬಸ್ಸಿನ ಹಾಗೆಯೇ ಬರೆದೆ, ರನ್ನಿಂಗ್ ಟೈಮ್ ಒಂದು ಕಾಲಂ, ಹಾಲ್ಟ್ ಒಂದು ಕಾಲಂ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಓಡಿಸ್ಲಿಕ್ಕಿಲ್ಲ, ಕತ್ತಲಾಗುವ ಮೊದಲು ಸೈಟಿಗೆ ಮುಟ್ಬೇಕು, ಮೂರು ದಿನಕ್ಕೊಮ್ಮೆಯಾದ್ರೂ ಒಂದೇ ಜಾಗದಲ್ಲಿ ಎರಡು ರಾತ್ರಿ ಇರ್ಬೇಕು. ಮಗ ಮೊದಲು ಮಾಡಿದ ಲಿಸ್ಟಲ್ಲಿ ಹದಿನಾರು ದಿನಕ್ಕೆ ಒಂಬತ್ತು ಪಾರ್ಕ್ ಇತ್ತು. ನಾನು ಕೆಂಪು ಪೆನ್ ತಗೊಂಡು ಐದಕ್ಕೆ ಇಳಿಸಿದೆ, ಸ್ವಲ್ಪ ಬೇಜಾರು ಮಾಡ್ಕೊಂಡ, ಆಮೇಲೆ ಸ್ಟಿಯರಿಂಗ್ ಹಿಡಿದ ಎರಡನೇ ದಿನವೇ ಅಪ್ಪ ನೀನು ಹೇಳಿದ್ದು ಸರಿ ಅಂದ.

ಗಾಡಿಯ ಉದ್ದದ್ದೂ ಒಂದು ದೊಡ್ಡ ಕತೆ. ಗ್ಲೇಷಿಯರ್ ಪಾರ್ಕಲ್ಲಿ ಗೋಯಿಂಗ್ ಟು ದ ಸನ್ ರೋಡ್ ಅಂತ ಹೆಸರು ಕೇಳಿಯೇ ಮಗನಿಗೆ ಆಸೆ, ಆದ್ರೆ ಆ ರೋಡಿನ ನಡುಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿ ಬಿಡುದೇ ಇಲ್ಲ, ಬಂಪರ್ ಸೇರ್ಸಿ ಅಳತೆ. ಹಾಗಾಗಿ ಗ್ಲೇಷಿಯರ್ ಕ್ಯಾನ್ಸಲ್. ಜಿಯಾನಿಗೆ ಪೂರ್ವದ ಕಡೆಯಿಂದ ಹೋಗುವಾಗ 1930ರಲ್ಲಿ ಓಪನ್ ಆದ ಒಂದು ಸುರಂಗ ಸಿಗ್ತದೆ, ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಉದ್ದ, ಮೇಲೆ ಕಮಾನಿನ ಹಾಗೆ ಬಗ್ಗಿದೆ. ಎತ್ತರ 11 ಅಡಿ 4 ಇಂಚು, ಅಗಲ 7 ಅಡಿ 10 ಇಂಚು ದಾಟಿದ ಗಾಡಿ ಆದ್ರೆ ತನ್ನ ಲೇನಲ್ಲಿ ಹೋದ್ರೆ ಮೇಲೆ ತಾಗ್ತದೆ, ನಡು ರಸ್ತೆಲಿ ಹೋಗ್ಬೇಕು. ನಾವು 15 ಡಾಲರ್ ಕಟ್ಟಿದೆವು, ಆಚೆಯಿಂದ ಬರುವ ಗಾಡಿಗಳನ್ನು ರೇಂಜರ್ ನಿಲ್ಲಿಸಿದ, ನಾವು ಮಹಾರಾಜರ ಹಾಗೆ ನಡುವಲ್ಲೇ ಹೋದೆವು. 2026ರಿಂದ ಅಷ್ಟು ದೊಡ್ಡ ಗಾಡಿಗಳಿಗೆ ಆ ದಾರಿಯೇ ಬಂದ್ ಮಾಡ್ತೇವೆ ಅಂತ ಪಾರ್ಕಿನವರು ಹೇಳಿದ್ದಾರೆ, ಹೋಗುವವರು ಇದ್ರೆ ಸುತ್ತು ಬಳಸಿ ಹೋಗುವ ಲೆಕ್ಕ ಹಾಕಿ. ಹಾಗೇ ಪಾಸಿನದ್ದೂ. ನಾವು ಹೋದಾಗ 80 ಡಾಲರಿನ ವರ್ಷದ ಪಾಸ್ ಒಂದಿದ್ರೆ ಗಾಡಿಲಿ ಇದ್ದವರೆಲ್ಲ ಒಳಗೆ, 2026 ಜನವರಿಯಿಂದ ಹೊರದೇಶದವರಿಗೆ ಆ ಪಾಸಿಗೆ 250, ಪಾಸ್ ಇಲ್ಲದಿದ್ರೆ ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್, ಜಿಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲ ಸೇರಿದ 11 ಪಾರ್ಕಲ್ಲಿ ಮಾಮೂಲಿ ಟಿಕೆಟಿನ ಮೇಲೆ ತಲೆಗೆ 100 ಡಾಲರ್ ಬೇರೆ. ಮಕ್ಕಳು ಅಲ್ಲಿದ್ದು ಈ ವರ್ಷ ಹೋಗುವ ಗಡಿನಾಡಿನ ಅಪ್ಪ ಅಮ್ಮಂದಿರು ಇದನ್ನು ಮೊದಲೇ ಕೇಳಿಕೊಳ್ಳಿ, ಗೇಟಲ್ಲಿ ನಿಂತು ಬೊಬ್ಬೆ ಹೊಡೆದು ಪ್ರಯೋಜನ ಇಲ್ಲ.

ಇಷ್ಟೆಲ್ಲ ಬರೆದಿಟ್ಟ ವೇ ಬಿಲ್ಲೂ ಒಮ್ಮೆ ಮುಗ್ಗರಿಸಿತು. ಗ್ರ್ಯಾಂಡ್ ಕ್ಯಾನ್ಯನ್ ಅಂದ್ರೆ ದೊಡ್ಡ ಕಣಿವೆ, ಅದಕ್ಕೆ ಉತ್ತರದ ಕರೆ, ದಕ್ಷಿಣದ ಕರೆ ಅಂತ ಎರಡು ಅಂಚು ಉಂಟು. ಜಿಯಾನಿಂದ ಉತ್ತರದ್ದು ಹತ್ತಿರ, ಜನ ಕಡಿಮೆ, ಹಾಗಾಗಿ ಅದನ್ನೇ ಹಾಕಿದ್ದೆ. ಜುಲೈ 4ಕ್ಕೆ ಅಲ್ಲಿ ಸಿಡಿಲಿಗೆ ಕಾಡು ಹತ್ತಿಕೊಂಡಿತು, ವಾರ ಕಳೆಯುವಷ್ಟರಲ್ಲಿ ಬೆಂಕಿ ದೊಡ್ಡದಾಗಿ ಅಲ್ಲಿನ ಹಳೇ ಲಾಡ್ಜೇ ಸುಟ್ಟು ಬೂದಿ, ಆ ಕಡೆ ಆ ವರ್ಷದ ಸೀಸನ್ ಪೂರ್ತಿ ಬಂದ್ ಅಂತ ಹೇಳಿದ್ರು. ನಾನು ಆಗ ಮಗನ ಮನೆಲಿ ಸೋಫಾದಲ್ಲಿ ಕೂತು ಟಿವಿ ನೋಡ್ತಿದ್ದೆ, ನನ್ನ ಹಾಲ್ಟೇ ಸುಟ್ಟು ಹೋದದ್ದನ್ನು. ಎರಡು ಕರೆಗೆ ನಡುವೆ ಹಕ್ಕಿ ಹಾರಿದ್ರೆ ಹದಿನಾರು ಕಿಲೋಮೀಟರ್, ರೋಡಲ್ಲಿ ಹೋಗ್ಬೇಕಾದ್ರೆ ಸುಮಾರು 350. ಪುನಃ ಕೆಂಪು ಪೆನ್, ಪುನಃ ಕಾಲಂ, ಬ್ರೈಸಲ್ಲಿ ಒಂದು ರಾತ್ರಿ ಕಡಿಮೆ ಮಾಡಿ ದಕ್ಷಿಣದ ಕರೆಗೆ ಹೋದೆವು.

ಪ್ರವಾಸ ಹೇಗಿತ್ತು ಅಂತ ಎಲ್ಲರೂ ಕೇಳ್ತಾರೆ. ಗಮ್ಮತ್ತಿತ್ತು, ಸುಳ್ಳು ಯಾಕೆ ಹೇಳುದು. ಯೆಲ್ಲೋಸ್ಟೋನ್ 1872ರಲ್ಲಿ ಆದ ಪಾರ್ಕ್, ಪ್ರಪಂಚದಲ್ಲೇ ಮೊದಲ ನ್ಯಾಷನಲ್ ಪಾರ್ಕ್ ಅದು. ಅಲ್ಲಿ ಓಲ್ಡ್ ಫೇತ್‌ಫುಲ್ ಅಂತ ಒಂದು ಬಿಸಿನೀರ ಬುಗ್ಗೆ, ಮುಂದಿನ ಸಲ ಎಷ್ಟು ಗಂಟೆಗೆ ಚಿಮ್ಮುದು ಅಂತ ಬೋರ್ಡಲ್ಲಿ ಹಾಕ್ತಾರೆ, ಹತ್ತು ನಿಮಿಷ ಆಚೀಚೆ ಅಷ್ಟೆ. ನಮ್ಮ ಬಸ್ಸಿಗೆ ಆ ಟೈಮಿಂಗ್ ಇದ್ದಿದ್ರೆ ಪ್ಯಾಸೆಂಜರಿಂದ ಬೈಗುಳ ತಿನ್ಲಿಕ್ಕಿರ್ಲಿಲ್ಲ. ಕಾಡುಕೋಣದ ಅಣ್ಣನ ಹಾಗಿರುವ ಬೈಸನ್ ರೋಡಿನ ನಡುವೆ ನಿಂತ್ರೆ ಇಡೀ ಲೈನ್ ನಿಂತಿತು, ಹಾರ್ನ್ ಇಲ್ಲ, ಯಾರೂ ಕೆಳಗೆ ಇಳಿಯುದಿಲ್ಲ, ಅದರಿಂದ ಕನಿಷ್ಠ 25 ಗಜ, ಕರಡಿಯಿಂದ 100 ಗಜ ದೂರ ಇರ್ಬೇಕು ಅಂತ ಕಾನೂನು. ಗಾಡಿಯ ಹೊರಗೆ ಒಂದು ತುಂಡು ಬ್ರೆಡ್ ಬಿಟ್ರೂ ಕರಡಿ ಬರ್ತದೆ ಅಂತ ಹೆದರಿಸಿದ್ರು, ಅದಕ್ಕೆ ನಮ್ಮವಳು ಹಲಸಿನ ಹಪ್ಪಳ ಗಾಡಿಯ ಒಳಗೇ ಕಾಯಿಸ್ಲಿಕ್ಕೆ ಹೋದ್ಳು, ಎಣ್ಣೆ ಹೊಗೆಗೆ ಮೇಲಿದ್ದ ಸ್ಮೋಕ್ ಅಲಾರಂ ಕಿರುಚಿತು ನೋಡಿ, ಪಕ್ಕದ ಸೈಟಿನವರು ಟಾರ್ಚ್ ಹಿಡ್ಕೊಂಡು ಬಂದ್ರು. ಬಂದವರಿಗೆಲ್ಲ ಹಪ್ಪಳ ಕೊಟ್ಟು ಕಳಿಸಿದ್ದಾಯ್ತು. ಅಷ್ಟು ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುದರಿಂದ ಕುಚ್ಚಿಲಕ್ಕಿ ಎಷ್ಟು ಹೊತ್ತಾದ್ರೂ ಅರಳುದಿಲ್ಲ, ಕುಕ್ಕರ್ ಬೇಕೇ ಬೇಕು. ಗಾಡಿ ಕುಡಿಯುವ ಪೆಟ್ರೋಲ್ ಬಗ್ಗೆ ಕೇಳ್ಬೇಡಿ, ಲೀಟರಿಗೆ ಮೂರೂವರೆ ನಾಲ್ಕು ಕಿಲೋಮೀಟರ್, ಐವತ್ತು ಜನ ಹೊತ್ತ ನಮ್ಮ ಬಸ್ ಅದಕ್ಕಿಂತ ಹೆಚ್ಚು ಕೊಡ್ತಿತ್ತು.

ಈಗ ಟ್ಯಾಂಕಿನ ವಿಷಯ.

ಆರ್‌ವಿಲಿ ಮೂರು ಟ್ಯಾಂಕ್. ಒಂದು ಒಳ್ಳೆ ನೀರಿಂದು, ನಮ್ಮ ಗಾಡಿದು ಸುಮಾರು 150 ಲೀಟರ್, ಐದು ಜನಕ್ಕೆ. ಇಲ್ಲಿ ನಾನು ಒಬ್ಬನೇ ಬಚ್ಚಲಿನ ಹಂಡೆಯಿಂದ ಅಷ್ಟು ಹೊಯ್ಕೊಳ್ತೇನೆ. ಎರಡನೇದು ಗ್ರೇ ಟ್ಯಾಂಕ್, ಪಾತ್ರೆ ತೊಳೆದ ನೀರು, ಸ್ನಾನದ ನೀರು ಅದಕ್ಕೆ ಹೋಗ್ತದೆ. ಮೂರನೇದು ಬ್ಲ್ಯಾಕ್ ಟ್ಯಾಂಕ್, ಅದಕ್ಕೆ ಎಂತ ಹೋಗ್ತದೆ ಅಂತ ಬಿಡಿಸಿ ಹೇಳುದು ಬೇಡ. ಯೆಲ್ಲೋಸ್ಟೋನಿನ ಒಳಗೆ ನೀರು, ಕರೆಂಟ್, ಡ್ರೈನೇಜ್ ಮೂರೂ ಸೈಟಿಗೇ ಬರುವ ಜಾಗ ಫಿಶಿಂಗ್ ಬ್ರಿಡ್ಜ್ ಒಂದೇ, ಅದು ನಮಗೆ ಸಿಕ್ಕಲಿಲ್ಲ, ಮ್ಯಾಡಿಸನ್ ಕ್ಯಾಂಪ್‌ಗ್ರೌಂಡಲ್ಲಿ ಯಾರೋ ಕ್ಯಾನ್ಸಲ್ ಮಾಡಿದ್ದು ಸಿಕ್ಕಿತು, ಅಲ್ಲಿ ಸೈಟಲ್ಲಿ ಎಂತದೂ ಇಲ್ಲ, ಜನರೇಟರ್ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಮಾತ್ರ. ಮೂರನೇ ದಿನ ಪ್ಯಾನೆಲಲ್ಲಿ ಬ್ಲ್ಯಾಕ್ ಟ್ಯಾಂಕ್ ಫುಲ್ ಅಂತ ಕೆಂಪು ಲೈಟ್ ಬಂತು. ಬಾಡಿಗೆಗೆ ಕೊಟ್ಟವ ಹೇಳಿದ್ದು ವಾರಕ್ಕೊಮ್ಮೆ ಸಾಕು ಅಂತ, ಯಾವ ಲೆಕ್ಕದಲ್ಲಿ ಹೇಳಿದನೋ ದೇವರೇ ಬಲ್ಲ.

ಕ್ಯಾಂಪ್‌ಗ್ರೌಂಡಿನ ಹೊರಗೆ ಬರುವ ದಾರಿಲಿ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್. ಡಂಪ್ ಸ್ಟೇಷನ್ ಅಂದ್ರೆ ದೊಡ್ಡ ಕಟ್ಟಡ ಎಲ್ಲ ಅಲ್ಲ. ಒಂದು ಚೌಕ ಕಾಂಕ್ರೀಟ್, ನಡುವಿಗೆ ಸ್ವಲ್ಪ ಇಳಿಜಾರು, ಮಧ್ಯದಲ್ಲಿ ನಾಲ್ಕಿಂಚಿನ ಗುಂಡಿ, ಅದಕ್ಕೊಂದು ಮುಚ್ಚಳ. ಪಕ್ಕದಲ್ಲಿ ತೊಳೀಲಿಕ್ಕೆ ಒಂದು ಪೈಪ್, ಇದು ಕುಡಿಯುವ ನೀರಲ್ಲ ಅಂತ ಬೋರ್ಡ್. ಕುಡಿಯುವ ನೀರಿನ ನಲ್ಲಿ ಬೇರೆಯೇ, ದೂರ. ಅಷ್ಟೇ. ಮಗ ಎರಡು ಕೈಗೆ ನೀಲಿ ಗ್ಲೌಸ್ ಹಾಕಿ, ಉಸಿರು ಹಿಡ್ಕೊಂಡು, ಸುಕ್ಕುಸುಕ್ಕು ಪೈಪಿನ ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಗುಂಡಿಗೆ ಇಟ್ಟ. ಇಟ್ಟದ್ದು ಸರಿ, ತಿರುಗಿಸಿ ಲಾಕ್ ಮಾಡ್ಲಿಲ್ಲ. ಮೂವತ್ತೊಂದು ವರ್ಷ ಬಾಗಿಲಿನ ಚಿಲಕ ನೋಡದೆ ರೈಟ್ ಅಂದವ ಅಲ್ಲ ನಾನು, ಕಿಟಕಿಯಿಂದ ನೋಡಿ ಹೋಲ್ಡಾನ್ ಅಂತ ಕೂಗುವಷ್ಟರಲ್ಲಿ ಅವ ವಾಲ್ವ್ ಎಳೆದಾಗಿತ್ತು. ಮುಂದಿಂದು ಪೇಪರಲ್ಲಿ ಹಾಕುವ ಹಾಗಿಲ್ಲ. ಅವನ ಹೊಸ ಶೂ ಅಲ್ಲೇ ಕಸದ ಡಬ್ಬಕ್ಕೆ ಹೋಯ್ತು. ನಮ್ಮ ಹಿಂದೆ ಕ್ಯೂಲಿ ನಿಂತಿದ್ದ ಒಬ್ಬ ಬಿಳಿ ಗಡ್ಡದ ಅಜ್ಜ ಇಳಿದು ಬಂದ, ನಗ್ಲಿಲ್ಲ, ತೊಳೀಲಿಕ್ಕೆ ಪೈಪ್ ಹಿಡಿದ, ಆಮೇಲೆ ಹೇಳಿಕೊಟ್ಟ, ಮೊದಲು ಬ್ಲ್ಯಾಕ್ ಬಿಡು, ಅದು ಖಾಲಿ ಆದ್ಮೇಲೆ ಗ್ರೇ ಬಿಡು, ಸೋಪಿನ ನೀರು ಪೈಪನ್ನು ತೊಳ್ಕೊಂಡು ಹೋಗ್ತದೆ ಅಂತ. ಪ್ಯಾನೆಲಿನ ಲೈಟ್ ನಂಬ್ಬೇಡ, ಪೇಪರ್ ಅಂಟಿಕೊಂಡ್ರೆ ಖಾಲಿ ಇದ್ರೂ ಫುಲ್ ತೋರಿಸ್ತದೆ ಅಂತ ಅದನ್ನೂ ಹೇಳಿದ.

ಯೆಲ್ಲೋಸ್ಟೋನಿಗೆ ಹೋದವರೆಲ್ಲ ಬುಗ್ಗೆಯ ಫೋಟೋ ತೆಗೀತಾರೆ. ನಾನು ಆ ಗುಂಡಿಯ ಫೋಟೋ ತೆಗ್ದಿದ್ದೇನೆ, ನಿಮಗೆ ಬೇಕಾದ್ರೆ ಕಳಿಸ್ತೇನೆ. ಯಾಕೆ ಅಂದ್ರೆ ಆ ಕಾಂಕ್ರೀಟ್ ಚೌಕ ಇಲ್ಲದಿದ್ರೆ ಅಷ್ಟು ಸಾವಿರ ಗಾಡಿಗಳ ಹೊಟ್ಟೆಲಿದ್ದದ್ದೆಲ್ಲ ಆ ಚಂದದ ಹೊಳೆಗಳಿಗೇ ಹೋಗುದು, ಅಮೆರಿಕದವರಾದ್ರೆಂತ, ತುಂಬಿದ ಟ್ಯಾಂಕ್ ಹೊತ್ಕೊಂಡು ಯಾರೂ ಮನೆಗೆ ಹೋಗುದಿಲ್ಲ.

ಈಗ ಊರಿಗೆ ಬರುವ. ತಂಗಿ ಮಗನಿಗೆ ನಾನು ಅದೇ ರೀತಿ ಕಾಲಂ ಹಾಕಿ ಕೊಟ್ಟೆ. ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಗೋಣಿಕೊಪ್ಪ, ಕುಟ್ಟ. ಕುಟ್ಟದಿಂದ ನಾಗರಹೊಳೆ ಕಾಡಿನ ಒಳಗಿನ ರೋಡ್ ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಮಾತ್ರ, ನಡುವಲ್ಲಿ ನಿಲ್ಲಿಸ್ಲಿಕ್ಕಿಲ್ಲ. ಆಮೇಲೆ ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು. ಬಂಡೀಪುರದಲ್ಲಿ ಊಟಿ ಕಡೆಗೆ ಹೋಗುವ ರೋಡೂ, ವಯನಾಡಿಗೆ ಹೋಗುವ ರೋಡೂ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಬಂದ್. ಅದರ ಬಗ್ಗೆ ನಮ್ಮ ಕೇರಳದಲ್ಲಿ ಎಷ್ಟು ಗಲಾಟೆ ಆಯ್ತು ನಿಮಗೇ ಗೊತ್ತು, ನಾನು ಮಾತ್ರ ಆ ಬಂದ್ ಸರಿ ಅಂತ ಹೇಳುವವ, ಬಸ್ಸಿನ ಅಡಿಗೆ ಬಿದ್ದ ಜಿಂಕೆಯನ್ನು ನೋಡಿದ ಮೇಲೆ ಬೇರೆ ಮಾತು ಬರುದಿಲ್ಲ. ನೀಲಗಿರಿಗೆ ಹೋಗ್ಲಿಕ್ಕೆ 2024ರ ಮೇ ತಿಂಗಳಿಂದ ಇ-ಪಾಸ್ ಬೇರೆ ಬೇಕು. ಮಸಿನಗುಡಿಯ ಮೇಲಿನ ಕಲ್ಲಟ್ಟಿ ಘಾಟಿಲಿ 36 ಹೇರ್‌ಪಿನ್ ತಿರುವು, ನಿನ್ನ ಈ ಮಂಚ ಕಟ್ಟಿದ ಟ್ರಾವೆಲರ್ ಅಲ್ಲಿ ಬೇಡವೇ ಬೇಡ, ಗೂಡಲೂರಲ್ಲಿ ಹೋಗು ಅಂದೆ. ಇರವಿಕುಳಂ ವರ್ಷವೂ ವರಯಾಡು ಅಂತ ಹೇಳುವ ಕಾಡಾಡು ಮರಿ ಹಾಕುವ ಟೈಮಿಗೆ ಫೆಬ್ರವರಿ ಮಾರ್ಚಲ್ಲಿ ಮುಚ್ಚಿರ್ತದೆ, ತೆರೆದಿದ್ರೂ ಮೇಲೆ ಹೋಗುದು ಫಾರೆಸ್ಟಿನವರ ಬಸ್ಸಲ್ಲೇ. ಸೈಲೆಂಟ್ ವ್ಯಾಲಿಗೆ ಮುಕ್ಕಾಲಿ ತನಕ ನಿನ್ನ ಗಾಡಿ, ಅಲ್ಲಿಂದ ಇಪ್ಪತ್ತಮೂರು ಕಿಲೋಮೀಟರ್ ಫಾರೆಸ್ಟ್ ಜೀಪ್.

ಅಂದ್ರೆ ನಮ್ಮಲ್ಲಿ ಕಾಡಿನ ಒಳಗೆ ಗಾಡಿ ನಿಲ್ಲಿಸಿ ಮಲಗುವ ಪ್ರಶ್ನೆಯೇ ಇಲ್ಲ, ಅದು ಒಳ್ಳೆದೇ, ಅಮೆರಿಕದ ಹಾಗೆ ಖಾಲಿ ಜಾಗ ನಮಗೆಲ್ಲುಂಟು, ಆನೆ ದಾಟುವ ದಾರಿಲಿ ಮಂಚ ಹಾಕ್ಲಿಕ್ಕಾಗ್ತದಾ. ಆದ್ರೆ ಕಾಡಿನ ಹೊರಗೆ? ಎಲ್ಲಾ ರಾತ್ರಿಯ ಹಾಲ್ಟ್ ಕಾಲಂ ಖಾಲಿ. ಪೆಟ್ರೋಲ್ ಬಂಕಿನವ ಲಾರಿಯವರ ಜೊತೆ ಒಂದು ರಾತ್ರಿ ನಿಲ್ಲಿಸ್ಲಿಕ್ಕೆ ಬಿಡ್ತಾನೆ, ನೀರು ಹಿಡೀಲಿಕ್ಕೂ ಬಿಡ್ತಾನೆ. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡ್ಲಿಕ್ಕುಂಟಾ ಅಂತ ಕೇಳಿದ್ರೆ ಮುಖ ನೋಡ್ತಾನೆ. ನಾನು ಸುಮ್ಮನೆ ಹೇಳುದಲ್ಲ, ಚೆರ್ಕಳದಿಂದ ಮಡಿಕೇರಿ ತನಕ ಸ್ಕೂಟರಲ್ಲಿ ಹೋಗಿ ನಿಂತು ನಿಂತು ಕೇಳಿ ಬಂದಿದ್ದೇನೆ. ಒಬ್ಬ ಹೊಟೇಲಿನವ ಮಾತ್ರ, ನಮ್ಮದೇ ಗುಂಡಿ ಮಳೆಗಾಲದಲ್ಲಿ ಉಕ್ಕಿ ಬರ್ತದೆ, ನಿಮ್ಮದು ಬೇರೆ ಬೇಕಾ ಅಂತ ನಗಾಡಿದ. ಸರಿಯಾದ ಮಾತು.

ಇದನ್ನು ಹೇಳಿದಾಗ ತಂಗಿ ಮಗ ಎಂತ ಹೇಳಿದ ಗೊತ್ತುಂಟಾ ಸಂಪಾದಕರೇ? ಮಾವ ನೀವು ಇಷ್ಟು ತಲೆಬಿಸಿ ಮಾಡ್ಬೇಡಿ, ರಾತ್ರಿ ಎಲ್ಲಾದ್ರೂ ಹೊಳೆ ಕರೆಲಿ ನಿಲ್ಲಿಸಿ ವಾಲ್ವ್ ಬಿಟ್ರೆ ಆಯ್ತು, ಯಾರು ನೋಡ್ತಾರೆ ಅಂತ. ಒಳ್ಳೆ ಹುಡುಗ, ಮನೆಲಿ ತಟ್ಟೆ ತಾನೇ ತೊಳೆದಿಡುವವ, ಪರಿಸರ ದಿನಕ್ಕೆ ಗಿಡ ನೆಟ್ಟು ಸ್ಟೇಟಸ್ ಹಾಕುವವ. ಅವನೇ ಹೀಗೆ ಹೇಳಿದ್ರೆ ಉಳಿದವರ ಕತೆ ಎಂತ. ನಮ್ಮ ಕಡೆ ಹೊಳೆ ಅಂದ್ರೆ ಪಯಸ್ವಿನಿ. ಅದೇ ಕೆಳಗೆ ಬಾವಿಕ್ಕೆರೆಲಿ ಪಂಪಾಗಿ ಕಾಸರಗೋಡು ಪೇಟೆಯವರ ನಲ್ಲಿಗೆ ಬರುದು. ಅವನಮ್ಮ, ನನ್ನ ತಂಗಿ, ವಿದ್ಯಾನಗರದಲ್ಲಿ ಅದೇ ನೀರು ಕುಡಿಯುದು. ಅದನ್ನು ಹೇಳಿದ ಮೇಲೆ ಸುಮ್ಮನಾದ, ಆದ್ರೆ ಸುಮ್ಮನಾದದ್ದು ಮಾತ್ರ, ಹಾಗಾದ್ರೆ ಎಲ್ಲಿ ಹಾಕುದು ಹೇಳಿ ಅಂತ ಕೇಳಿದ. ನನ್ನ ಹತ್ರ ಉತ್ತರ ಇರ್ಲಿಲ್ಲ.

ಕೇರಳ ಸರ್ಕಾರ 2021ರಲ್ಲಿ ಕೇರವಾನ್ ಕೇರಳ ಅಂತ ದೊಡ್ಡದಾಗಿ ಶುರು ಮಾಡಿತು, ಗಾಡಿ ತಗೊಳ್ಳುವವರಿಗೆ ಸಬ್ಸಿಡಿ ಎಲ್ಲ ಅಂತ ಹೇಳಿತು, 2022ರಲ್ಲಿ ಮೊದಲ ಕಾರವಾನ್ ಪಾರ್ಕ್ ಆಯ್ತು, ಎಲ್ಲಿ, ಇಡುಕ್ಕಿಯ ವಾಗಮಣ್ಣಲ್ಲಿ. ನಮ್ಮಲ್ಲಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಟ್ಯಾಂಕ್ ತುಂಬಿ ಇನ್ನೊಮ್ಮೆ ತುಂಬ್ತದೆ. ಗಡಿ ಆಚೆಯ ಕರ್ನಾಟಕದವರಿಗೂ ಇದೇ ಮಾತು, ಟೂರಿಸಂ ಅಂದ್ರೆ ಮೊದಲು ಗಾಡಿ, ಮೊದಲು ಫ್ಲೆಕ್ಸ್, ಮೊದಲು ಉದ್ಘಾಟನೆ. ರಿಬ್ಬನ್ ಕಟ್ ಮಾಡ್ಲಿಕ್ಕೆ ಗಲೀಜಿನ ಗುಂಡಿಗೆ ಯಾವ ಮಂತ್ರಿಯೂ ಬರ್ಲಿಕ್ಕಿಲ್ಲ, ಅದು ನನಗೂ ಗೊತ್ತುಂಟು.

ನಾನು ಕೇಳುದು ಕೋಟಿ ರೂಪಾಯಿಯ ಪಾರ್ಕ್ ಅಲ್ಲ. ಕೇರಳದಲ್ಲಿ ಹೈವೇ ಬದಿಲಿ ಪಂಚಾಯತುಗಳು ಕಟ್ಟಿದ ಟೇಕ್ ಎ ಬ್ರೇಕ್ ಟಾಯ್ಲೆಟ್ ಉಂಟಲ್ಲ, ಅದರ ಹಿಂದೆ ಹೇಗೂ ಸೆಪ್ಟಿಕ್ ಟ್ಯಾಂಕ್ ಇರ್ತದೆ. ಅದು ಸಣ್ಣದಾದ್ರೆ ಪಕ್ಕದಲ್ಲಿ ಇನ್ನೊಂದು ತೋಡಿ, ಮೇಲೆ ಕಾಂಕ್ರೀಟ್ ಚೌಕ, ನಾಲ್ಕಿಂಚಿನ ಬಾಯಿ, ಮುಚ್ಚಳ, ತೊಳೀಲಿಕ್ಕೊಂದು ನಲ್ಲಿ, ದೂರದಲ್ಲಿ ಕುಡಿಯುವ ನೀರಿಂದು ಇನ್ನೊಂದು ನಲ್ಲಿ, ಹದಿನೈದು ಆಂಪಿನ ಒಂದು ಪ್ಲಗ್. ಇನ್ನೂರೋ ಮುನ್ನೂರೋ ರೂಪಾಯಿ ಟಿಕೆಟ್ ಇಡಿ, ನಾವು ಕೊಡ್ತೇವೆ. ಟಾಯ್ಲೆಟಿಗೆ ಹಾಕುವ ನೀಲಿ ಕೆಮಿಕಲ್ ಮಾತ್ರ ಬಿಡ್ಬಾರ್ದು, ಅದು ಹೋದ್ರೆ ಸೆಪ್ಟಿಕ್ ಟ್ಯಾಂಕಿನ ಒಳಗಿನ ಬ್ಯಾಕ್ಟೀರಿಯಾ ಸತ್ತು ಇಡೀ ಗುಂಡಿ ನಾರ್ಲಿಕ್ಕೆ ಶುರು ಆಗ್ತದೆ. ಮುಳ್ಳೇರಿಯ ಆದೂರು ನಡುವೆ ಒಂದು, ಬೇಕಲ ಕೋಟೆ ಹತ್ರ ಒಂದು, ಪಾಣತ್ತೂರಿಂದ ಭಾಗಮಂಡಲಕ್ಕೆ ಹತ್ತುವ ಮೊದಲು ಒಂದು. ಆಚೆ ಸುಳ್ಯ, ಗೋಣಿಕೊಪ್ಪ, ಗುಂಡ್ಲುಪೇಟೆಯವರು ಒಂದೊಂದು ಮಾಡಿದ್ರೆ ನನ್ನ ವೇ ಬಿಲ್ಲಿನ ಅರ್ಧ ಕಾಲಂ ತುಂಬ್ತದೆ. ಕಾರವಾನಿಗೆ ಮಾತ್ರ ಅಲ್ಲ, ಶಬರಿಮಲೆ ಸೀಸನ್ನಲ್ಲಿ ಟಾಯ್ಲೆಟ್ ಇಟ್ಕೊಂಡು ಬರುವ ದೊಡ್ಡ ಬಸ್ಸುಗಳು ಎಲ್ಲಿ ಖಾಲಿ ಮಾಡ್ತವೆ ಅಂತ ಯಾರಾದ್ರೂ ಕೇಳಿದ್ದೀರಾ? ನಾನು ಬಸ್ಸಿನ ಲೈನಲ್ಲಿದ್ದವ, ಕೇಳಿದ್ದೇನೆ, ಉತ್ತರ ಇಲ್ಲಿ ಬರೆಯುದಿಲ್ಲ.

ಅದು ಆಗುವ ತನಕ ತಂಗಿ ಮಗನಿಗೆ ಟಾಯ್ಲೆಟ್ ಬಾಗಿಲಿಗೆ ಬೀಗ ಹಾಕು ಅಂತ ಹೇಳಿ, ಬೀಗದಕೈ ನಾನೇ ಇಟ್ಕೊಂಡಿದ್ದೇನೆ. ಗಾಡಿ ಈಗ ನಮ್ಮ ಅಂಗಳದ ಹಲಸಿನ ಮರದ ಅಡಿಲಿ ನಿಂತಿದೆ, ಆರ್ಸಿಲಿ ಮೋಟಾರ್ ಕಾರವಾನ್ ಅಂತ ಬದಲಿಸ್ಲಿಕ್ಕೆ ಕೊಟ್ಟ ಅರ್ಜಿ ಎಲ್ಲಿ ನಿಂತಿದೆಯೋ ಗೊತ್ತಿಲ್ಲ. ಮಳೆ ಬಿಟ್ಟ ಮೇಲೆ, ತುಲಾ ಸಂಕ್ರಮಣ ಕಳೆದು ತಲಕಾವೇರಿಯ ರಶ್ ಇಳಿದ ಮೇಲೆ ಹೊರಡುದು ಅಂತ ಲೆಕ್ಕ. ನಿಮ್ಮ ಪೇಪರ್ ಕೊಡಗಿಗೂ ಮೈಸೂರಿಗೂ ಹೋಗ್ತದಲ್ಲ, ಹಾಗಾಗಿ ಒಂದು ಕೋರಿಕೆ. ಕುಟ್ಟ ಅಥವಾ ಗುಂಡ್ಲುಪೇಟೆ ಹತ್ರ ಅಂಗಳ ಇರುವ ಓದುಗರು ಯಾರಾದ್ರೂ ಎರಡು ರಾತ್ರಿ ಗಾಡಿ ನಿಲ್ಲಿಸ್ಲಿಕ್ಕೆ ಬಿಡುದಾದ್ರೆ ಪತ್ರಿಕೆ ಮೂಲಕ ತಿಳಿಸಿ. ಗಾಡಿ ಉದ್ದ ಹದಿನೆಂಟು ಅಡಿ, ಮೇಲಿನ ನೀರಿನ ಟ್ಯಾಂಕ್ ಸೇರಿ ಎತ್ತರ ಹತ್ತು, ಗೇಟಿನ ಮೇಲೆ ಮಲ್ಲಿಗೆ ಚಪ್ಪರ ಇದ್ರೆ ಮೊದಲೇ ಹೇಳಿ. ಹಲಸಿನ ಹಪ್ಪಳ ನಾವು ತರ್ತೇವೆ.

ಇತಿ,
ನಿವೃತ್ತ ಬಸ್ ಕಂಡಕ್ಟರ್, ಪೆರ್ಲ, ಕಾಸರಗೋಡು ಜಿಲ್ಲೆ